ಕಾಲಂ ಹನ್ನೊಂದು

ಫಾರಮ್ಮಿನ ಹನ್ನೊಂದನೇ ಪ್ರಶ್ನೆ:
ಈ ಪದ್ಧತಿ ನಿಮಗೆ ಯಾರಿಂದ ತಿಳಿಯಿತು?
ಇಲಾಖೆ, ರೇಡಿಯೊ, ಪ್ರಗತಿಪರ ರೈತ, ಇತರೆ.
ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು.

ಸೊರಬದಿಂದ ಮೊದಲ ಬಸ್ಸು ಹಿಡಿದವಳು ನಾನು,
ಒಂದು ಫಾರಮ್ಮಿಗೆ ನಲವತ್ತು ರೂಪಾಯಿ,
ಊಟ ನನ್ನದೇ.

ತೀರ್ಥಪ್ಪ ಜಗಲಿಗೆ ಕುರ್ಚಿ ತರಿಸಿದರು,
ಪಹಣಿ ತೋರಿಸಿದರು, ಸಹಿ ಹಾಕಿದರು.
"ಒಂಟಿ ಸಸಿ ನಾಟಿನಾ? ಮೂರು ವರ್ಷ ಆತು.
ಬೀಜ ಕಾಲುಭಾಗ ಸಾಕು. ಸರಕಾರಿ ಗೊಬ್ಬರಾನೂ ಕಮ್ಮಿ."
ಯಾರಿಂದ ತಿಳೀತು ಅಂದೆ.
ಅವರು ಒಳಗಿನ ಕತ್ತಲಿಗೆ ತಿರುಗಿದರು:
"ಏ ಇವಳೇ, ನಮಗೆ ಯಾರು ಹೇಳಿದ್ದು?"

ಇವಳೇ ಅನ್ನುವವರ ಹೆಸರು ಹೂವಮ್ಮ.
ಫಾರಮ್ಮಿನಲ್ಲಿ ಅವರಿಗೂ ಜಾಗವುಂಟು,
ಕುಟುಂಬ ಸದಸ್ಯರು, ಹೆಣ್ಣು, ಅಂಕಿಯಲ್ಲಿ.

"ಹೇಳಿದ್ದು ಯಾರೂ ಅಲ್ಲ," ಅಂದರು ಸೆರಗಿಗೆ ಕೈ ಒರೆಸುತ್ತ,
"ದ್ಯಾವಮ್ಮನ ಗದ್ದೆಗೆ ಮುಯ್ಯಾಳಿಗೆ ಹೋಗಿದ್ದೆ.
ಒಂದೊಂದೇ ಸಸಿ ಊರಿಸಿದಳು, ಗೇಣು ಗೇಣು ಬಿಟ್ಟು.
ಬೋಳುತಲೆಗೆ ಜಡೆ ಹಾಕ್ತೀಯೇನೇ ಅಂತ ನಕ್ಕಿದ್ದೇ ನಕ್ಕಿದ್ದು.
ದೀಪಾವಳಿ ಹೊತ್ತಿಗೆ ನಗು ನಿಂತಿತು."

ದ್ಯಾವಮ್ಮ ಡೈರಿಯ ಸರದಿಯಲ್ಲಿ ಸಿಕ್ಕಳು,
ಕ್ಯಾನಿನ ಮುಚ್ಚಳದ ಮೇಲೆ ಹಾಳೆ ಇಟ್ಟು ಬರೆದೆ.
ಅವಳಿಗೆ ಜೈನಾಬಿ,
ಆನವಟ್ಟಿ ಸಂತೆಯಲ್ಲಿ ಮಗೆಸೌತೆ ಮಾರುವವಳು.
ಹೇಳಿದ್ದಲ್ಲ, ಚೀಲದ ತಳದಿಂದ ಭತ್ತದ ಬುಡ ಒಂದು ತೆಗೆದು
"ಎಣಿಸು" ಅಂದಿದ್ದು.
ತೆನೆ ಎಣಿಸುತ್ತ ದ್ಯಾವಮ್ಮ ಬಸ್ಸು ತಪ್ಪಿಸಿಕೊಂಡಳು,
ರಾತ್ರಿ ಬೈಸಿಕೊಂಡಳು.
ಮರುವರ್ಷ ಮೂಲೆಯ ಒಂದು ಮಡಿಯಲ್ಲಿ ನೆಟ್ಟೇಬಿಟ್ಟಳು,
ಗಂಡ ಸೊಸೈಟಿಯಲ್ಲಿ
ಯೂರಿಯಾಕ್ಕೆ ಸಾಲು ನಿಂತಿದ್ದಾಗ.

ಜೈನಾಬಿಯ ಚೀಲದ ಬುಡ ಲೋಲಾಕ್ಷಿಯ ಗದ್ದೆಯದು.
ಲೋಲಾಕ್ಷಿಗೆ ಬಾಣಂತನದಲ್ಲಿ ಅತ್ತಿಗೆ ಹೇಳಿದ್ದು,
ಅತ್ತಿಗೆಗೆ ಸಂಘದ ಕಂತು ಕೇಳಲು ಬಂದವಳು,
ದುಡ್ಡು ಹುಟ್ಟದ ಮನೆಯಲ್ಲಿ ಸುಮ್ಮನೆ ಹೇಗೆ ಕೂರುವುದೆಂದು
ಆಡಿದ ಮಾತು.
ನಾನು ಹಾಳೆಯ ಬೆನ್ನಿಗೆ ಬಾಣ ಎಳೆಯುತ್ತ ಹೋದೆ.
ಬಾಣಗಳು ತವರಿಗೆ ಹೋದವು, ಬೀಗರ ಮನೆಗೆ ಬಂದವು,
ಒಂದೂ ಇಲಾಖೆಯ ಜೀಪು ಹತ್ತಲಿಲ್ಲ.

ಜೀಪು ಬಂದಿತ್ತು, ಇಲ್ಲವೆನ್ನಬಾರದು.
"ರೈತ ಬಾಂಧವರೇ" ಅಂದಿತ್ತು ಮೈಕು.
ಬಾಂಧವರು ಕೇಳಿದರು, ಮಂಡಕ್ಕಿ ತಿಂದರು.
ಅಕ್ಕಂದಿರು ಹಿಂದೆ
ಅರವತ್ತು ಲೋಟ ತೊಳೆದರು.

ಕೊನೆಯ ಬಾಣ ಚಂದ್ರಗುತ್ತಿ ದಾರಿಯ ಗಾಮಕ್ಕನದು.
ಎಪ್ಪತ್ತೋ ಎಂಬತ್ತೋ. ಉಳುವ ಗದ್ದೆ ಮೈದುನನ ಹೆಸರಲ್ಲಿ.
ಹೀರೆ ಬೀಜವನ್ನು ಬೂದಿಯಲ್ಲಿ ಹೊರಳಿಸುತ್ತ
ಸೋರೆ ಬುರುಡೆಗೆ ತುಂಬುತ್ತಿದ್ದಳು.
ಯಾರಿಂದ ಕಲಿತೆ ಗಾಮಕ್ಕಾ?

"ಹಂದಿಯಿಂದ."

ತಲೆಯನ್ನೇ ಎತ್ತಲಿಲ್ಲ.
"ಆ ವರ್ಷ ಸಸಿಮಡಿಗೆ ಕಾಡುಹಂದಿ ನುಗ್ತು, ಮುಕ್ಕಾಲು ಹೋತು.
ಸಸಿ ಕೇಳಾಕೆ ಹೋದ್ರೆ ಗಂಡಸಿಲ್ಲದ ಮನೆ,
ಮುಯ್ಯಿ ತೀರ್ಸೋರು ಯಾರು ಅಂದ್ರು.
ಉಳಿದದ್ದನ್ನೇ ಇಡೀ ಗದ್ದೆಗೆ ಹಂಚಿದೆ,
ನಾಕು ಮಕ್ಕಳಿಗೆ ಎರಡು ರೊಟ್ಟಿ ಹಂಚಿದಂಗೆ.
ಹರಡಿಕೊಂಡಿದ್ದು ಭತ್ತ. ನಂದೇನೈತಿ ತಂಗಿ ಅದ್ರಾಗೆ?"

ಪೆನ್ನು ಹಿಡಿದು ತುಂಬ ಹೊತ್ತು ಕೂತೆ.
ಇತರೆಯ ಮುಂದಿನ ಗೆರೆ ಒಂದು ಬೆರಳಗಲವೂ ಇಲ್ಲ.
ಹಂದಿ ಎಂದು ಬರೆದರೆ ಆಫೀಸಿನಲ್ಲಿ ನಗುತ್ತಾರೆ,
ಗಾಮಕ್ಕ ಎಂದು ಬರೆದರೆ
ಸರ್ವೆ ನಂಬರು ಕೇಳುತ್ತಾರೆ.

ಹೊರಡುವಾಗ ನನ್ನ ಕಟ್ಟಿನಿಂದಲೇ ಕಾಗದ ಎಳೆದು
ನಾಲ್ಕು ಬೀಜ ಸುತ್ತಿ ಕೊಟ್ಟಳು.
ನಂಗೆ ನೆಲ ಇಲ್ಲ ಗಾಮಕ್ಕ, ಬಾಡಿಗೆ ಕೋಣೆ ಅಂದೆ.
"ನಂಗೆಲ್ಲಿತ್ತು?" ಅಂದಳು. "ಇದ್ದೋರಿಗೆ ಕೊಡು."

ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿದೆ. ಖಾಲಿ ಫಾರಮ್ಮು,
ಹನ್ನೊಂದನೇ ಪ್ರಶ್ನೆಯ ಮೇಲೆ
ಅರ್ಧ ಮೂಡಿದ ಬೂದಿಯ ಹೆಬ್ಬೆಟ್ಟು.

ಅದೊಂದನ್ನು ಆಫೀಸಿಗೆ ಕೊಡಲಿಲ್ಲ.
ಲೆಕ್ಕದಲ್ಲಿ ನಲವತ್ತು ರೂಪಾಯಿ ಹಿಡಿದರು.