ಮುಟ್ಟಿದರೆ ನಿಲ್ಲುವುದು

ಉಕ್ಕಿನ ಕಾರ್ಖಾನೆಯಿಂದ ದ್ರವ ಸಾರಜನಕ ಬರುವುದು ಮಂಗಳವಾರ,
ಖಾಜಾಹುಸೇನನ ಆಟೋದಲ್ಲಿ, ಹಿಂದಿನ ಸೀಟಿಗೆ ಹಗ್ಗ ಬಿಗಿದು.
ತೋರಣಗಲ್ಲಿನಿಂದ ಬಳ್ಳಾರಿಯವರೆಗೂ ಅದಿರು ಲಾರಿಗಳ ಕೆಂಪು ಧೂಳು.
ಹೊರಗೆ ನಲವತ್ತಮೂರು ಡಿಗ್ರಿ,
ಕ್ಯಾನಿನೊಳಗೆ ಸೊನ್ನೆಗಿಂತ ನೂರಾ ತೊಂಬತ್ತಾರು ಕೆಳಗೆ.
"ಏನ್ ಮೇಡಮ್, ಒಳಗೆ ಐಸ್‌ಕ್ರೀಮಾ?"
ಹದಿನಾಲ್ಕು ವರ್ಷದಿಂದ ಕೇಳುತ್ತಾನೆ.
ಹದಿನಾಲ್ಕು ವರ್ಷದಿಂದ ಹೌದೆನ್ನುತ್ತೇನೆ.

ನನ್ನ ಕೆಲಸ ಹೇಳಲು ಸುಲಭ:
ಒಂದು ಜೀವಕೋಶ ಪಕ್ಕದ್ದಕ್ಕೆ ಏನು ಹೇಳುತ್ತದೆ,
ಹೇಳಿದ್ದನ್ನು ಹೊರಗೋಡೆಯಿಂದ ಒಳಕೋಣೆಗೆ ಯಾರು ಒಯ್ಯುತ್ತಾರೆ,
ದಾರಿಯಲ್ಲಿ ಮಾತು ಎಲ್ಲಿ ಕೆಡುತ್ತದೆ.
ಸುಲಭ. ಇಪ್ಪತ್ತಾರು ವರ್ಷವಾಯಿತು.

ಅವ್ವನನ್ನು ಕೇಳಿದ್ದೆ:
ನಿನ್ನ ಮಷೀನಿನ ಪೆಡಲು ಒತ್ತಿದಲ್ಲೇ ಸಿಕ್ಕಿಕೊಂಡರೆ ಏನಾಗುತ್ತೆ?
ಅವಳು ಜೀನ್ಸಿನ ಕಾಲಿಗೆ ಕಾಲು ಕೂಡಿಸುತ್ತಿದ್ದಳು, ಪೀಸಿಗೆ ಎರಡೂವರೆ ರೂಪಾಯಿ,
ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ.
"ಬಟ್ಟೆ ಮುಗುದ್ರೂ ಹೊಲೀತಾನೇ ಇರ್ತದೆ. ಬೆರಳು ಸಿಕ್ರೆ ಬೆರಳ್ನೂ."
ಅದೇ ಅವ್ವ, ಅಷ್ಟೇ, ಎಂದೆ.
"ಹಂಗಾದ್ರೆ ಸ್ವಿಚ್ಚು ತೆಗೀಬೇಕವ್ವ."
ದಾರ ಹಲ್ಲಲ್ಲಿ ಕಡಿದು ಮುಂದಿನ ಪೀಸು ಎಳೆದುಕೊಂಡಳು.
ಆ ಸ್ವಿಚ್ಚನ್ನು ಜಗತ್ತೆಲ್ಲ ಹುಡುಕುತ್ತಿತ್ತು.

ಮೊದಲ ಹನ್ನೊಂದು ವರ್ಷ ನಾನು ತಪ್ಪು ಪ್ರೋಟೀನಿನ ಬೆನ್ನು ಹತ್ತಿದ್ದೆ.
ಶಾಲು ಹೊದಿಸಿದ ಯಾವ ಸಭೆಯಲ್ಲೂ ಇದನ್ನು ಹೇಳಿಲ್ಲ.
ಬ್ಲಾಟಿನ ಮೇಲೆ ಒಂದು ಮಸುಕು ಪಟ್ಟಿ ಮೂಡುತ್ತಿತ್ತು,
ಬಾ ಎಂದು ಕರೆದದ್ದಕ್ಕೆ ಬಂದ ಹಾಗೆ.
ಆಂಟಿಬಾಡಿ ಬದಲಿಸಿದ ದಿನ ಬರಲಿಲ್ಲ. ಮರುದಿನವೂ.
ನನ್ನ ಮೊದಲ ವಿದ್ಯಾರ್ಥಿನಿ ಈರಮ್ಮ
ಆ ಸಂಜೆ ಪೈಪೆಟ್ಟುಗಳನ್ನು ಒಂದೊಂದಾಗಿ ಸ್ಟ್ಯಾಂಡಿಗೆ ಸಿಕ್ಕಿಸಿ
"ಮೇಡಮ್, ನಾನು ಬಿ.ಎಡ್. ಮಾಡ್ತೀನಿ" ಎಂದಳು.
ಈಗ ಸಿರುಗುಪ್ಪದಲ್ಲಿ ವಿಜ್ಞಾನದ ಟೀಚರು.
ಯುಗಾದಿಗೆ ಫೋನು ಮಾಡುತ್ತಾಳೆ;
ಮಳೆ, ಮಕ್ಕಳು, ಸೊಂಟನೋವು. ಬ್ಲಾಟಿನ ಮಾತೆತ್ತುವುದಿಲ್ಲ.

ಆಮೇಲೆ ಇದು. ಕಂಡದ್ದು ಒಂದು ರಾತ್ರಿ,
ಕರೆಂಟು ಎರಡು ಸಲ ಹೋಗಿ ಬಂದ ನಡುವೆ.

ಆರೋಗ್ಯದ ಕೋಶಗಳು ತಟ್ಟೆಯಗಲ ಹರಡಿ
ಪಕ್ಕದ್ದನ್ನು ಮುಟ್ಟಿದೊಡನೆ ಬೆಳೆಯುವುದನ್ನು ನಿಲ್ಲಿಸುತ್ತವೆ.
ಕ್ಯಾನ್ಸರಿನವು ಮುಟ್ಟಿದರೂ ನಿಲ್ಲವು,
ಒಂದರ ಮೇಲೊಂದು ಹತ್ತುತ್ತವೆ.
ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ನನಗೆ ಕಂಡದ್ದು ಚಿಕ್ಕದು:
ಬಾಯಿಯ ಗಂಟಿನಿಂದ ತೆಗೆದ ಈ ಕೋಶಗಳಲ್ಲಿ
ಸುದ್ದಿ ಬಾಗಿಲ ತನಕ ಬಂದಿದೆ.
ಒಳಗೆ ಕರೆಯುವವರಿಲ್ಲ.
ಹೊರಗೇ ನಿಂತಿದೆ.

ಲೇಖನ ಇಂಗ್ಲಿಷಿನಲ್ಲಿ ಬರೆದೆ. ಅಲ್ಲಿ ಅದು ಬರೀ ಸಂಪರ್ಕ.
ಮುಟ್ಟಿದರೆ ನಿಲ್ಲುವುದು ಸ್ವಸ್ಥ ಕೋಶದ ಲಕ್ಷಣ,
ಎಂದು ಕನ್ನಡದಲ್ಲಿ ಒಮ್ಮೆ ಅಂದುಕೊಂಡು
ಪೆನ್ನು ಕೆಳಗಿಟ್ಟೆ.
ಕುರುಗೋಡಿನ ಹೋಟೆಲಿನ ಹಿಂದೆ
ಅಪ್ಪ ತಾನು ಕುಡಿದ ಲೋಟ ತಾನೇ ತೊಳೆದು
ಚಪ್ಪರದ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದ, ನಾಳೆಗೆ.
ಚಹಾ ಮೇಲಿಂದ ಬೀಳುತ್ತಿತ್ತು, ದೂರದಿಂದ.
ಅಲ್ಲಿ ಮುಟ್ಟುವ ಮೊದಲೇ ಎಲ್ಲ ನಿಲ್ಲುತ್ತಿತ್ತು.

ಸಾಲು ಹಾಗೇ ಬಿಟ್ಟೆ. ಕೋಶದ ಮಟ್ಟಿಗೆ ಅದು ನಿಜ.

ಔಷಧಿಯೇನೂ ಆಗಲಿಲ್ಲ ಅದರಿಂದ.
ಎಲ್ಲೋ ಯಾರೋ ಉಲ್ಲೇಖಿಸುತ್ತಾರೆ, ನಲವತ್ತೊಂದು ಸಲ ಇದುವರೆಗೆ,
ಅದರಲ್ಲಿ ಆರು ಸಲ ನಾನೇ.

ಈ ಮಂಗಳವಾರ ಕ್ಯಾನು ಇಳಿಸುವಾಗ
ಕೆನ್ನೆಗೆ ಟವೆಲು ಸುತ್ತಿದವನೊಬ್ಬ ಚೀಟಿ ಹಿಡಿದು ಲ್ಯಾಬಿಗೆ ಬಂದ.
ಗಂಟಿನ ರಿಪೋರ್ಟು ಇಲ್ಲೇ ಕೊಡ್ತಾರಂತಲ್ರಿ?
ಇಲ್ಲಲ್ಲ, ಎದುರಿನ ಕಟ್ಟಡ, ಬನ್ನಿ, ಎಂದೆ.
ಅಂಗಳದಲ್ಲಿ ಆಂಬುಲೆನ್ಸೊಂದು ಹಿಂದಕ್ಕೆ ಬರುತ್ತಿತ್ತು, ಕೂಗುತ್ತ.
ಅವನ ಗಮನ ಚೀಟಿಯಲ್ಲಿತ್ತು.
ಮೊಣಕೈ ಮುಟ್ಟಿದೆ.
ನಿಂತ.

ಗಾಡಿ ಹೋಯಿತು. ಆಮೇಲೂ ಸ್ವಲ್ಪ ಹೊತ್ತು
ಕೈ ತೆಗೆಯುವುದು ಮರೆತಿದ್ದೆ.