ಕೆಸರಿನ ತೂಕ

ಹಲಸೂರಿನ ಮೂರನೇ ಮಹಡಿಯಲ್ಲಿ ಕೂತು
ಕಡಲ ತಳಕ್ಕೆ ಬಾವಿ ಬರೆಯುತ್ತೇನೆ.
ಮೇಲೆ ಸಾವಿರದ ಎಂಟುನೂರು ಮೀಟರು ನೀರು,
ಆಮೇಲೆ ಜೇಡಿ, ಉಪ್ಪು, ಕಲ್ಲು, ಕೊನೆಗೆ ಎಣ್ಣೆ.
ಅಗಲದ ಕೊಳವೆಯೊಳಗೆ ಸಣ್ಣದು,
ಅದರೊಳಗೆ ಇನ್ನೂ ಸಣ್ಣದು.

ಕೊರೆಯುವಾಗ ತುಂಬುವ ಕೆಸರಿನ ತೂಕ, ಅದೇ ನನ್ನ ಲೆಕ್ಕ.
ಹಗುರಾದರೆ ಕೆಳಗಿನದು ಎದ್ದು ಬರುತ್ತದೆ,
ಭಾರವಾದರೆ ಕಲ್ಲು ಬಿರಿಯುತ್ತದೆ.
ನಡುವೆ ಉಳಿಯುವ ಕೂದಲೆಳೆ ಜಾಗಕ್ಕೆ
ನಾವು ಕಿಟಕಿ ಅನ್ನುತ್ತೇವೆ.
ಅಲ್ಲಿಂದ ಏನೂ ಕಾಣುವುದಿಲ್ಲ.

ಕೆಳಮನೆಯ ದೇವಸಹಾಯಂ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ,
"ಬಾವಿ ಇಂಜಿನಿಯರ್ ಅಲ್ವೇನಮ್ಮ, ನಮ್ಮ ಬೋರು ಒಂಚೂರು ನೋಡಬಾರದಾ?
ಸಾವಿರದ ಮುನ್ನೂರು ಅಡಿ. ಬರೀ ಧೂಳು."
ಇಲ್ಲ ಸರ್, ನನಗೆ ಗೊತ್ತಿರೋದು
ನೀರು ಜಾಸ್ತಿ ಇರೋ ಕಡೆ ತೋಡೋದು.

ಭಾನುವಾರ ನಜ್ಮುನ್ನೀಸಾ ಬಂದಳು ಹೆಬ್ಬಾಳದ ಲ್ಯಾಬಿನಿಂದ,
ಕೈಚೀಲದಲ್ಲಿ ಆರು ಗಾಜಿನ ನಳಿಗೆ.
ಮುದ್ದೆ, ದಂಟಿನ ಸೊಪ್ಪಿನ ಸಾರು ಉಂಡೆವು.
ಗಂಟೆ ಬಿಟ್ಟು "ಉಗುಳು" ಅಂದಳು.
ಉಗುಳಿದೆ. ಬಾಟಲಿಯಿಂದ ಎರಡು ಹನಿ ಬಿಟ್ಟಳು.
ನನ್ನ ಎಂಜಲು ಮೆಲ್ಲಗೆ ಗುಲಾಬಿಯಾಯಿತು,
ಸೀರೆಯಂಗಡಿಯಲ್ಲಿ ಬೇಡವೆಂದು ಮತ್ತೆ ಮಡಿಸಿಡುವ ಬಣ್ಣ.

"ನೈಟ್ರೈಟು ಕಣೇ. ಸೊಪ್ಪಲ್ಲಿದ್ದದ್ದು ನೈಟ್ರೇಟು.
ನಿನ್ನ ನಾಲಗೆಯ ಹಿಂದೆ ಬಾಡಿಗೆಗಿರೋರು
ಒಂದು ಆಮ್ಲಜನಕ ಕಿತ್ತುಕೊಂಡರು. ನೀನು ನುಂಗಿದೆ.
ಜಠರದ ಹುಳಿಯಲ್ಲಿ ಗಾಳಿಯಾಗಿ
ರಕ್ತದ ದಾರಿ ಸಡಿಲಿಸುತ್ತೆ."
"ಒಳ್ಳೇದಾ?"
"ಎಷ್ಟು ಅನ್ನೋದರ ಮೇಲೆ."

ನಾನು ನಕ್ಕೆ. ನಮ್ಮಲ್ಲೂ ಅದೇ ಉಪ್ಪು ಅಂದೆ:
ಎಣ್ಣೆಯ ಕೆಳಗೆ ಕಡಲ ನೀರು ತಳ್ಳಿದರೆ
ಕತ್ತಲ ಜೀವಿಗಳು ಅದರ ಗಂಧಕ ಹಿಡಿದು
ಕೊಳೆತ ಮೊಟ್ಟೆಯ ನಾತ ಹುಟ್ಟಿಸುತ್ತವೆ, ಉಕ್ಕು ತಿಂದುಹೋಗುತ್ತದೆ.
ನೈಟ್ರೈಟು ಸುರಿದರೆ ಸುಮ್ಮನಾಗುತ್ತವೆ.
ಸ್ವಲ್ಪ ದಿನ.
"ಅವುಗಳ ದಾಯಾದಿಗಳು ನಿನ್ನ ಕರುಳಲ್ಲೂ ಇದ್ದಾವೆ,"
ಸೊಪ್ಪಿನ ನಾರು ಹಲ್ಲಿನಿಂದ ತೆಗೆಯುತ್ತ ಅಂದಳು.

ರಾತ್ರಿ ಎರಡಕ್ಕೆ ಹಡಗಿನಿಂದ ಮೇಲ್ ಬಂತು: ಕಿಟಕಿ ಇನ್ನೂ ಕಿರಿದಾಗಿದೆ.
ಅದೇ ಹೊತ್ತಿಗೆ ಟ್ಯಾಂಕರ್.
ಎಲ್ಲಿಯ ಬಾವಿಯದೋ ನೀರು
ಹಸಿರು ಪೈಪಿನಲ್ಲಿ ನಮ್ಮ ಸಂಪಿಗೆ ಇಳಿಯುತ್ತಿತ್ತು.
ಒಂದು ನಳಿಗೆ, ಆ ಬಾಟಲಿ, ನಜ್ಮು ಮರೆತುಹೋಗಿದ್ದಳು.
ಇಳಿದು ಹೋದೆ. ಒಂದಿಷ್ಟು ಹಿಡಿದೆ. ಎರಡು ಹನಿ.
ದೇವಸಹಾಯಂ ಟಾರ್ಚು ಹಿಡಿದರು, ಲುಂಗಿಯಲ್ಲೇ,
"ಏನು ಬಂತಮ್ಮ?"

ಟಾರ್ಚು ಹಳದಿ.
ಇನ್ನೊಂದು ಸ್ವಲ್ಪ ಹತ್ತಿರ ಹಿಡೀರಿ, ಅಂದೆ.