ಸ್ಟೆಪ್ನಿ

ಅರಣ್ಯ ಇಲಾಖೆಯ ಹರಾಜಿನಲ್ಲಿ ಕೊಂಡ ಜಿಪ್ಸಿ
ಮೊದಲು ನನ್ನ ಮಾತು ಕೇಳುವಷ್ಟು ಸಣ್ಣದಿತ್ತು.
ಔರಾದ ಕಡೆಯ ಎರೆ ಒಂದೇ ಮಳೆಗೆ
ಅದನ್ನು ಮೊಣಕಾಲ ತನಕ ನುಂಗಿದ ಮೇಲೆ
ಪಾಟಾ ಬದಲಿಸಿ ಮೈ ಎತ್ತರಿಸಿದೆ,
ನಾಲ್ಕು ದಪ್ಪ ಗಾಲಿ ತೊಡಿಸಿದೆ:
ತಮ್ಮನ ಕಾಲಿಗೆ ಅಣ್ಣನ ಬೂಟು.

ನಾಲ್ಕರದು ಸರಿ. ಐದನೆಯದರ ಗತಿ?
ಹಳೆಯ ಜಾಗದಲ್ಲಿ ಅದು ಕೂಡಲೊಲ್ಲದು.
ಹಿಂಬಾಗಿಲಿಗೇ ಬೋಲ್ಟು ಬಿಗಿದು ತೂಗುಹಾಕಿದೆ.
ಮೂವತ್ತು ಕಿಲೋ. ತಗಡಿನ ಬಾಗಿಲು.
ಕೀಲು ಒಂದು ತಿಂಗಳು ನರಳಿತು;
ಎಮ್ಮೆಯ ನರಳಿಕೆ ಗೊತ್ತಾಗುವ ನನಗೆ
ಕಬ್ಬಿಣದ್ದು ಗೊತ್ತಾಗಲಿಲ್ಲ.

ಒಂದು ರಾತ್ರಿ, ಸಂತಪುರದಾಚೆ,
ಅಡ್ಡ ತಿರುಗಿದ ಕರುವನ್ನು ಎಳೆದು ತೆಗೆದು ಬರುವಾಗ
ಎಲ್ಲೋ ಕಳಚಿತು.
ಗಾಡಿ ಹಗುರಾದದ್ದಕ್ಕೆ
ನನ್ನ ದಣಿವು ಇಳಿಯಿತು ಅಂದುಕೊಂಡೆ.

ಮೂರನೇ ದಿನ, ತೊಗರಿ ಹೊಲದ ಬದುವಿನಲ್ಲಿ
ನಾಗೂಬಾಯಿ ಅದನ್ನು ನೆಟ್ಟಗೆ ನಿಲ್ಲಿಸಿ,
ಎರಡೂ ಬದಿ ಕಲ್ಲಿಟ್ಟು, ಪಕ್ಕದಲ್ಲೊಂದು ಕೋಲು ನೆಟ್ಟು
ಹರಿದ ಕೆಂಪು ಕುಬಸದ ತೋಳು ಕಟ್ಟಿದ್ದಳು.
"ಇಷ್ಟು ಸಣ್ಣ ಗಾಡಿಗಿ ಇಷ್ಟು ದೊಡ್ಡ ಗಾಲಿ
ಮತ್ಯಾರದ್ದಿದ್ದೀತು, ಡಾಕ್ಟರಬಾಯಿ?"
ಅದರ ನೆರಳಿನಲ್ಲಿ ನಾಯಿಯೊಂದು ಮಲಗಿತ್ತು.
ಎಬ್ಬಿಸಬೇಕಾಯಿತು.

ಬೀದರಿನ ಚಿದ್ರಿ ರಸ್ತೆಯ ಘೂಡುಸಾಬ
ಮುರಿದ ಕೀಲನ್ನು ಸವರಿ ನೋಡಿದ,
ಬಾವು ಮುಟ್ಟಿ ನೋಡುವ ಹಾಗೆ, ನನ್ನ ಹಾಗೆಯೇ.
"ಬಾಗಿಲಾ ಇರೋದು ತೆರೀಲಿಕ್ಕಿ.
ಅದರ ಮ್ಯಾಲ ಮನಿ ಹೊರೆ ಹಾಕಬಾರ್ದು.
ಹೊರೋದು ಚಾಸಿ. ಚಾಸೀಗೇ ಹೇಳೋಣು."

ಬಂಪರಿನ ಮೂಲೆಗೆ ಒಂದು ಗೂಟ,
ಗೂಟದ ಸುತ್ತ ತಿರುಗುವ ಒಂದು ತೋಳು.
ತಿರುಗಣಿಗೆ ಗುಜರಿ ರಾಶಿಯಿಂದ ಎಳೆದು ತಂದದ್ದು
ಆಟೋದ ಮುಂಗಾಲಿಯ ಹಬ್ಬು, ಬೇರಿಂಗ್ ಸಮೇತ.
"ಚೌಬಾರಾ ಸುತ್ತ ಹದಿನಾಲ್ಕು ವರ್ಷ ತಿರುಗ್ಯಾದ್ರಿ,
ನನ್ನ ತಮ್ಮಂದೇ ಆಟೋ" ಅಂದ, ಗ್ರೀಸು ತುಂಬುತ್ತ.
ತಮ್ಮ ಎಲ್ಲಿ ಅಂತ ನಾನು ಕೇಳಲಿಲ್ಲ.
ಅವನ ಬೆರಳು ಬೇರಿಂಗಿನೊಳಗೆ
ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚೇ ತಿರುಗಿತು.

ಹುಡುಗ ಅನವೀರ ಗಾಲಿಯನ್ನು ತೊಡೆಗೆ ಆನಿಸಿ ಎತ್ತಿ
ಐದು ಬೋಲ್ಟಿಗೆ ಐದು ತೂತು ಹೊಂದಿಸುವಷ್ಟರಲ್ಲಿ
ಕೆಂಪು ಮುರುಮಿನ ಅಂಗಳದಲ್ಲಿ ಬೆವರಿನ ಗುಳಿ.
ನಂಬರ್ ಪ್ಲೇಟು ಮರೆಯಾಯಿತು, ಎಡಕ್ಕೆ ಸರಿಸಿದೆವು.
ಹಿಂದಿನ ದೀಪ ಅರ್ಧ ಮುಚ್ಚಿತು,
ಬೆಸುಗೆ ಬಿಚ್ಚಿ ತೋಳನ್ನು ನಾಲ್ಕು ಬೆರಳು ಮೇಲೇರಿಸಿದೆವು.
ಆಗ ಕನ್ನಡಿಯಲ್ಲಿ ರಸ್ತೆ ಹೋಯಿತು,
ಕನ್ನಡಿ ತುಂಬ ಅದರದೇ ಕರಿಮುಖ.
ಅದಕ್ಕೆ ಯಾರ ಹತ್ತಿರವೂ ಉಪಾಯವಿರಲಿಲ್ಲ.
ಚಹಾ ಕುಡಿದೆವು.

ಚಿಲಕದ ಸಂದಿಗೆ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಒತ್ತಿ
ನೌಬಾದ ತನಕ ಓಡಿಸಿ ಬಂದೆ.
ಟಕ್. ಗುಂಡಿ ಬಂದರೆ ಟಕ್. ಟಕ್.
"ಇನ್ನೂ ಸಪ್ಪಳ ಅದ ಉಸ್ತಾದ."
ಕಣ್ಣಿನ ಕರಿಗಾಜು ಹಣೆಗೇರಿಸಿ ಅವನಂದ:
"ಇರ್ಲಿ. ಸಪ್ಪಳ ನಿಂತ ದಿನ ಹೊಳ್ಳಿ ನೋಡ್ರಿ."

ಈಗ ಎರಡು ತಿಂಗಳು. ಪಂಕ್ಚರ್ ಒಂದೂ ಇಲ್ಲ.
ಔಷಧಿ ಪೆಟ್ಟಿಗೆ ಬೇಕೆಂದರೆ ಮೊದಲು ತೋಳು, ಆಮೇಲೆ ಬಾಗಿಲು,
ಎರಡೆರಡು ಸಲ ತೆರೆಯಬೇಕು;
ಎಮ್ಮೆ ಈಯಲಾರದೆ ಒದ್ದಾಡುವಾಗ
ಘೂಡುಸಾಬನನ್ನು ಜೋರಾಗಿಯೇ ಬೈಯುತ್ತೇನೆ.
ರಾತ್ರಿ ಹೊರಳುವಾಗ ಮಾತ್ರ
ಕಣ್ಣು ದಾರಿಗೆ, ಕಿವಿ ಬೆನ್ನಿಗೆ.

ಆ ತಿರುವಿನಲ್ಲಿ ಕೋಲು ಇನ್ನೂ ನಿಂತಿದೆ,
ಕುಬಸದ ತೋಳು ಬಿಸಿಲಿಗೆ ಬೆಳ್ಳಗಾಗುತ್ತಿದೆ.
ಒಂದು ಸಲ ಹಾರ್ನ್ ಒತ್ತುತ್ತೇನೆ.
ನಾಯಿ ಬೊಗಳುತ್ತದೆ.
ಟಕ್.